ಯಮಳಾಂಗನೂ ಎರಡು ಕಿಟಕಿಯ ಕ್ಯಾಮೆರಾವೂ

ಬಹಳ ಹಿಂದೆ, ಸಮುದ್ರಕ್ಕೂ ಕರಿಗಲ್ಲ ಗುಡ್ಡಕ್ಕೂ ನಡುವೆ ಹೊನ್ನಸಾಲೆ ಎಂಬ ರಾಜ್ಯವಿತ್ತು. ಆ ರಾಜ್ಯದ ಪೇಟೆಯಲ್ಲಿ ಚೆನ್ನಿಗ ಎಂಬ ಯುವಕ ಹಳೆಯ ಕ್ಯಾಮೆರಾಗಳನ್ನು ಕೊಂಡು, ರಿಪೇರಿ ಮಾಡಿ, ಮಾರಿ ಬದುಕುತ್ತಿದ್ದ. ಆ ಕ್ಯಾಮೆರಾಗಳನ್ನು ಹಿಂದೆಂದೋ ಹಡಗಿನವರು ತಂದದ್ದು. ಹೊಸದು ಬರುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಹಾಗಾಗಿ ಕೆಟ್ಟು ಕೂತ ಕ್ಯಾಮೆರಾಕ್ಕೆ ಜೀವ ಕೊಡಬಲ್ಲವನಿಗೆ ಊರಿನಲ್ಲಿ ಮರ್ಯಾದೆ ಇತ್ತು.

ಒಂದು ದಿನ ಹೊಳೆಯವ್ವ ಎಂಬ ವಯಸ್ಸಾದ ಹೆಂಗಸು ಬಟ್ಟೆಯಲ್ಲಿ ಸುತ್ತಿದ ಕ್ಯಾಮೆರಾವೊಂದನ್ನು ಅವನ ಅಂಗಡಿಗೆ ತಂದಳು.

"ನಮ್ಮ ಯಜಮಾನರದು. ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ. ಗುಂಡಿ ಒತ್ತಿದರೆ ಸದ್ದೇ ಬರೋದಿಲ್ಲ. ಸರಿಯಾಗುತ್ತದೋ ನೋಡಪ್ಪ" ಎಂದಳು.

ಚೆನ್ನಿಗ ನೋಡಿದ ಕೂಡಲೇ ಗುರುತಿಸಿದ. ಅದು ಎರಡು ಕಿಟಕಿಯ ಕ್ಯಾಮೆರಾ. ಹಿಂದಿನಿಂದ ಇಣುಕಿದರೆ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಸುತ್ತಲಿನ ಬಳೆಯನ್ನು ತಿರುಗಿಸುತ್ತ ಹೋದರೆ ಎರಡೂ ಸರಿದು ಸರಿದು ಒಂದರ ಮೇಲೊಂದು ಕೂರುತ್ತವೆ. ಕೂತ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಚಿತ್ರ ಕೂದಲೆಳೆಯಷ್ಟೂ ಮಸುಕಾಗದೆ ಮೂಡುತ್ತದೆ. ಅಂಥ ಕ್ಯಾಮೆರಾ ರಾಜ್ಯದಲ್ಲಿ ಇನ್ನೊಂದು ಇರಲಿಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು, ಅಷ್ಟೇ. ಸರಿಮಾಡಲು ಒಂದು ಮಧ್ಯಾಹ್ನ ಸಾಕಿತ್ತು.

ಆದರೆ ಅವನ ಬಾಯಿಂದ ಬಂದ ಮಾತೇ ಬೇರೆ. "ಅವ್ವ, ಇದು ಸತ್ತುಹೋಗಿದೆ. ಬಿಚ್ಚಿದರೆ ಒಂದೆರಡು ತಿರುಪು ಸಿಕ್ಕಾವು. ಬೇಕಾದರೆ ಈ ಹಿತ್ತಾಳೆ ಚೊಂಬು ತಗೊಂಡು ಬಿಟ್ಟುಹೋಗಿ."

ಹೊಳೆಯವ್ವ ಕ್ಯಾಮೆರಾವನ್ನು ಒಮ್ಮೆ ಸವರಿದಳು. ಚೊಂಬು ಹಿಡಿದುಕೊಂಡು ಹೋದಳು.

ಅವಳು ಬೀದಿಯ ತಿರುವು ದಾಟುವುದರೊಳಗೆ ಚೆನ್ನಿಗ ಕ್ಯಾಮೆರಾದ ಮೇಲ್ಮುಚ್ಚಳ ತೆಗೆದಿದ್ದ. ಒಳಗೆ ಉಗುರಿನಷ್ಟು ಅಗಲದ ಒಂದು ಗಾಜು. ಅದರ ಮೇಲೆ ಹೊಂಬಣ್ಣದ ತೆಳುವಾದ ಲೇಪ. ಎರಡನೆಯ ಬಿಂಬವನ್ನು ತೋರಿಸುವುದು ಆ ಲೇಪವೇ. ಅದರ ಧೂಳನ್ನು ಊದಿ ಹಾರಿಸಬೇಕು, ಬಟ್ಟೆ ಮಾತ್ರ ತಾಗಿಸಬಾರದು. ಅವನಿಗೆ ಅದು ಗೊತ್ತಿತ್ತು. ಆದರೂ ಮುದುಕಿ ಮನಸ್ಸು ಬದಲಿಸಿ ಹಿಂದಿರುಗಿ ಬಂದಾಳು ಎಂಬ ಅವಸರದಲ್ಲಿ ಬಟ್ಟೆಯಿಂದ ಒರೆಸಿದ. ಲೇಪದ ಬಹುಪಾಲು ಬಟ್ಟೆಗೆ ಬಂತು.

ಅವನು ಇಣುಕಿ ನೋಡಿದ. ಬಿಸಿಲಿನಲ್ಲಿ ಎರಡನೆಯ ಬಿಂಬ ಇನ್ನೂ ಕಾಣುತ್ತಿತ್ತು. ನೆರಳಿನಲ್ಲಿ ಅಳಿಸಿಹೋಗುತ್ತಿತ್ತು. "ಇಷ್ಟು ಸಾಕು" ಎಂದುಕೊಂಡು, ಅಂಟಾದ ಎಣ್ಣೆಯನ್ನು ತೊಳೆದು ಮುಚ್ಚಳ ಬಿಗಿದ. ಆ ಕ್ಯಾಮೆರಾದಿಂದಲೇ ಅವನು ಅರಮನೆಯವರ ಚಿತ್ರ ತೆಗೆದ, ಹೆಸರು ಗಳಿಸಿದ. ಹೊಳೆಯವ್ವನ ಮನೆ ಇದ್ದ ಬೀದಿಯಲ್ಲಿ ನಡೆಯುವುದನ್ನು ಬಿಟ್ಟ.

ಹೀಗಿರುವಾಗ ಕರಿಗಲ್ಲ ಗುಡ್ಡದ ಗುಹೆಗೆ ಯಮಳಾಂಗ ಎಂಬ ಮಾಂತ್ರಿಕ ಬಂದು ಸೇರಿದ. ಒಂದನ್ನು ಎರಡಾಗಿ ತೋರಿಸುವುದು ಅವನ ವಿದ್ಯೆ. ಅವನು ಬಂದ ಮೇಲೆ ಹೊನ್ನಸಾಲೆಯಲ್ಲಿ ಎಲ್ಲವೂ ಜೋಡಿಯಾಗಿ ಕಂಡವು, ಒಂದು ನಿಜ, ಒಂದು ಸುಳ್ಳು. ಬಾಗಿಲೆಂದು ಹೊರಟವರು ಗೋಡೆಗೆ ಹಣೆ ಬಡಿದುಕೊಂಡರು. ಅಂಗಳವೆಂದು ಕಾಲಿಟ್ಟವರು ಬಾವಿಗೆ ಬಿದ್ದರು. ಮಕ್ಕಳು ತಾಯಿಯನ್ನು ಅಪ್ಪಿಕೊಳ್ಳಲು ಓಡಿ ಬರಿಗಾಳಿಯನ್ನು ಅಪ್ಪಿ ಅಳುತ್ತಿದ್ದರು.

ರಾಜ ಹಿರಿಯರನ್ನು ಕರೆಸಿ ಕೇಳಿದ. ಅವರು ಹೇಳಿದರು: "ಮಾಂತ್ರಿಕನ ನಿಜರೂಪದ ಚಿತ್ರ ಮಸುಕಿಲ್ಲದೆ ಮೂಡಿದರೆ ಅವನು ಫಿಲ್ಮಿನಲ್ಲಿ ಸೆರೆಯಾಗುತ್ತಾನೆ. ಆದರೆ ಅವನ ಸುಳ್ಳುರೂಪವನ್ನು ಕೈಯಿಂದ ಮುಟ್ಟಿದವರು ಕಲ್ಲಾಗುತ್ತಾರೆ."

ರಾಜ ಚೆನ್ನಿಗನನ್ನು ಕರೆಸಿದ. ಅವನ ಜೊತೆಗೆ ಬೊಪ್ಪಣ್ಣ ಎಂಬ ಸೈನಿಕನನ್ನು ಕಳಿಸಿದ. ಬೊಪ್ಪಣ್ಣ ಚೆನ್ನಿಗನ ಬಾಲ್ಯದ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡವನು. ಒಂದು ಕಡೆ ನಿಲ್ಲದ ಮಾಂತ್ರಿಕನನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುವುದು ಅವನ ಕೆಲಸ.

"ಯಾವುದು ನಿಜ ಅಂತ ನೀನು ಹೇಳು. ನಾನು ಹಿಡೀತೀನಿ" ಎಂದ ಬೊಪ್ಪಣ್ಣ.

ಗುಡ್ಡದ ಬುಡದಲ್ಲಿ ಆಳವಾದ ಕಮರಿ. ಅದರ ಮೇಲೆ ಎರಡು ಸೇತುವೆ ಕಂಡವು. ಬಿಸಿಲು ಚೆನ್ನಾಗಿತ್ತು. ಚೆನ್ನಿಗ ಕ್ಯಾಮೆರಾದಲ್ಲಿ ಇಣುಕಿ ಬಳೆ ತಿರುಗಿಸಿದ. ಸುಳ್ಳು ಸೇತುವೆ ಸರಿದು ಸರಿದು ನಿಜದ ಸೇತುವೆಯೊಳಗೆ ಸೇರಿಕೊಂಡಿತು. "ಎಡಗಡೆಯದು" ಎಂದ. ಬೊಪ್ಪಣ್ಣ ಎಡಗಡೆಯ ಸೇತುವೆ ಹತ್ತಿದ. ಇಬ್ಬರೂ ದಾಟಿದರು.

ಗುಡ್ಡದ ಸೊಂಟದಲ್ಲಿ ಮಾಯದ ಹುಲಿ ಎರಡಾಗಿ ಎದ್ದು ಬಂತು. ಮೋಡ ಕವಿಯುತ್ತಿತ್ತು. ಚೆನ್ನಿಗ ಬಳೆ ತಿರುಗಿಸಿದ. ಎರಡನೆಯ ಬಿಂಬ ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳಗಾಗಿತ್ತು. ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ "ಬಲಗಡೆಯದು" ಎಂದ. ಬೊಪ್ಪಣ್ಣ ಬಲಗಡೆಗೆ ಈಟಿ ಎಸೆದ. ಹುಲಿ ಒಣಗಿದ ಎಲೆಯಾಗಿ ಉದುರಿತು.

ಗುಡ್ಡದ ನೆತ್ತಿಯಲ್ಲಿ ಗುಹೆ. ಒಳಗೆ ಯಮಳಾಂಗ ಎರಡಾಗಿ ನಿಂತಿದ್ದ. ಗುಹೆಯಲ್ಲಿ ಬೆಳಕು ಕಡಿಮೆ. ಚೆನ್ನಿಗ ಇಣುಕಿದ, ಬಳೆ ತಿರುಗಿಸಿದ. ಅಲ್ಲಿ ಏನೂ ಸರಿಯಲಿಲ್ಲ, ಏನೂ ಸೇರಲಿಲ್ಲ. ಗಾಜು ಅವನಿಗೆ ಏನನ್ನೂ ತೋರಿಸಲಿಲ್ಲ.

"ಯಾವುದು, ಚೆನ್ನಿಗ?" ಎಂದು ಬೊಪ್ಪಣ್ಣ ಕೇಳಿದ.

ಕಾಣುತ್ತಿಲ್ಲ ಎಂದಿದ್ದರೆ ಇಬ್ಬರೂ ಹಿಂದಿರುಗಬಹುದಿತ್ತು. ಆದರೆ ಆಗ, ಯಾಕೆ ಕಾಣುತ್ತಿಲ್ಲ ಎಂದು ಬೊಪ್ಪಣ್ಣ ಕೇಳದೆ ಬಿಡುತ್ತಿರಲಿಲ್ಲ. ಅದಕ್ಕೆ ಉತ್ತರ ಹೇಳುವುದು ಚೆನ್ನಿಗನಿಗೆ ಬೇಡವಾಗಿತ್ತು.

"ಎಡಗಡೆಯದು" ಎಂದ.

ಬೊಪ್ಪಣ್ಣ ಎರಡನೆಯ ಮಾತಾಡದೆ ಎಡಕ್ಕೆ ನುಗ್ಗಿ ಹಿಡಿದ. ಬೆರಳಿನಿಂದ ಶುರುವಾಗಿ ಮುಖದವರೆಗೆ ಕಲ್ಲಾದ.

ಚೆನ್ನಿಗ ಓಡಿದ. ಅರಮನೆಯಲ್ಲಿ ರಾಜ ಕೇಳಿದಾಗ ಅವನು ತಲೆ ತಗ್ಗಿಸಿ ಹೇಳಿದ: "ನಾನು ನೋಡಿ ಮುಗಿಸುವ ಮುಂಚೆಯೇ ಬೊಪ್ಪಣ್ಣ ಆತುರಪಟ್ಟ." ರಾಜ ನಂಬಿದ. ಗೆಳೆಯನನ್ನು ಕಳೆದುಕೊಂಡವನೆಂದು ಅವನ ಹೆಗಲಿಗೆ ಶಾಲು ಹೊದಿಸಿದ.

ಬೊಪ್ಪಣ್ಣನ ತಾಯಿ ಗುಂಡವ್ವನಿಗೂ ಅದೇ ಮಾತು ಮುಟ್ಟಿತ್ತು. ಚೆನ್ನಿಗ ಹೋದಾಗ ಅವಳು ಮಣೆ ಹಾಕಿ ಕೂರಿಸಿದಳು. ಬಿಸಿ ಮುದ್ದೆ ಬಡಿಸಿದಳು.

"ನೀನು ಮನಸ್ಸಿಗೆ ಹಚ್ಚಿಕೋಬೇಡಪ್ಪ. ಅವನು ಚಿಕ್ಕವನಿದ್ದಾಗಿನಿಂದಲೂ ಹಾಗೇ, ಆತುರ. ನಿನ್ನ ಮಾತು ಕೇಳದೆ ನಿನ್ನನ್ನೂ ಅಪಾಯಕ್ಕೆ ತಳ್ಳಿದ. ಅವನ ಪರವಾಗಿ ನಾನು ಕೇಳ್ತೀನಿ, ಕ್ಷಮಿಸಿಬಿಡು" ಎಂದಳು.

ಚೆನ್ನಿಗನ ಕೈ ತಟ್ಟೆಯ ಮೇಲೆ ನಿಂತುಹೋಯಿತು. ಕಿವಿ ಸುಟ್ಟ ಹಾಗಾಯಿತು. ಆಗಲೇ ಹೇಳಿಬಿಡಬೇಕಿತ್ತು. ಅದರ ಬದಲು ಹೊಟ್ಟೆ ಸರಿಯಿಲ್ಲವೆಂದು ಸುಳ್ಳಿನ ಮೇಲೊಂದು ಸುಳ್ಳು ಹೇಳಿ ಎದ್ದುಬಂದ. ರಾಜ ಕೊಟ್ಟ ಶಾಲು ಹೆಗಲ ಮೇಲೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅದನ್ನು ತೆಗೆದು ಕಂಕುಳಲ್ಲಿ ಮುದುರಿಕೊಂಡು, ಬಹಳ ಕಾಲದಿಂದ ತುಳಿಯದ ಬೀದಿಗೆ ಕಾಲಿಟ್ಟ.

ಹೊಳೆಯವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಚೆನ್ನಿಗ ಕ್ಯಾಮೆರಾವನ್ನು ಅವಳ ಮುಂದಿಟ್ಟ.

"ಸತ್ತುಹೋಗಿದೆ ಅಂದಿದ್ದೆಯಲ್ಲ" ಎಂದಳು ಅವಳು.

"ಸತ್ತಿರಲಿಲ್ಲ ಅವ್ವ. ನನಗೆ ಬೇಕಾಗಿತ್ತು, ಅದಕ್ಕೆ ಹಾಗಂದೆ. ಆಮೇಲೆ ಅವಸರಕ್ಕೆ ಒಳಗಿನ ಗಾಜನ್ನೂ ಕೆಡಿಸಿದೆ. ಗುಹೆಯಲ್ಲಿ ನನಗೆ ಏನೂ ಕಾಣಲಿಲ್ಲ. ಕಾಣದೆಯೇ ಎಡಗಡೆ ಅಂದೆ. ಬೊಪ್ಪಣ್ಣ ನನ್ನ ಮಾತು ನಂಬಿ ಕಲ್ಲಾದ. ತಪ್ಪು ಅವನದೇ ಅಂತ ಊರಿಗೆಲ್ಲ ಹೇಳಿದೆ."

ಹೊಳೆಯವ್ವ ಸುಲಿಯುವುದನ್ನು ನಿಲ್ಲಿಸಿದಳು. ಬೈದಿದ್ದರೆ ಚೆನ್ನಿಗನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ಗಾಜು ಸರಿಮಾಡಬಹುದಾ?" ಎಂದು ಕೇಳಿದಳು.

"ಆಗೋದಿಲ್ಲ. ಆ ಲೇಪ ಹಾಕುವವರು ಈ ರಾಜ್ಯದಲ್ಲಿಲ್ಲ."

"ನಮ್ಮ ಯಜಮಾನರು ಮುಸ್ಸಂಜೆಯಲ್ಲಿ ಚಿತ್ರ ತೆಗೆಯುವಾಗ ಅದರೊಳಗೆ ಇಣುಕುತ್ತಲೇ ಇರಲಿಲ್ಲ" ಎಂದಳು ಹೊಳೆಯವ್ವ. "ಕ್ಯಾಮೆರಾಕ್ಕೆ ಒಂದು ದಾರ ಕಟ್ಟುತ್ತಿದ್ದರು. ಲೆನ್ಸು ಎಷ್ಟು ಹತ್ತಿರದ್ದನ್ನು ಸ್ಪಷ್ಟವಾಗಿ ನೋಡಬಲ್ಲುದೋ ದಾರ ಅಷ್ಟೇ ಉದ್ದ. ನಾನು ಅದರ ತುದಿಯನ್ನು ಮಗುವಿನ ಮೂಗಿಗೆ ತಾಗಿಸಿ ಹಿಡಿಯುತ್ತಿದ್ದೆ. ಅವರು ಗುಂಡಿ ಒತ್ತುತ್ತಿದ್ದರು. ಒಂದು ಚಿತ್ರವೂ ಮಸುಕಾಗಲಿಲ್ಲ."

ಚೆನ್ನಿಗನ ಮನಸ್ಸಿನಲ್ಲಿ ಒಂದು ಯೋಚನೆ ಮೂಡಿತು. ಕಲ್ಲು ಮಾಡುವುದು ಕೈಯ ಸ್ಪರ್ಶ. ದಾರ ಕೈಯಲ್ಲ. ದಾರದ ತುದಿ ಸುಳ್ಳುರೂಪದೊಳಗೆ ತೂರಿಹೋಗುತ್ತದೆ, ನಿಜರೂಪಕ್ಕೆ ತಾಗಿ ನಿಲ್ಲುತ್ತದೆ. ಆದರೆ ಅದಕ್ಕೆ ಮಾಂತ್ರಿಕನ ಎದೆಯ ಹತ್ತಿರಕ್ಕೇ ಹೋಗಬೇಕು. ದಾರ ಹಿಡಿಯಲು ಇನ್ನೊಬ್ಬರೂ ಬೇಕು.

ಅವನು ಕೇಳುವ ಮೊದಲೇ ಹೊಳೆಯವ್ವ ಎದ್ದು ಸೆರಗು ಸಿಕ್ಕಿಸಿದಳು. "ನಿನಗೋಸ್ಕರ ಬರುತ್ತಿಲ್ಲ. ಆ ಗುಂಡವ್ವನ ಮುಖ ನೋಡಿ ಬರುತ್ತಿದ್ದೀನಿ" ಎಂದಳು.

ಹೊರಡುವ ಮೊದಲು ಚೆನ್ನಿಗ ಅರಮನೆಗೆ ಹೋಗಿ ಶಾಲನ್ನು ರಾಜನ ಕಾಲ ಬಳಿ ಇಟ್ಟ. ತುಂಬಿದ ಸಭೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಅವನು ಹೊರಗೆ ನಡೆಯುವಾಗ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಮೈಗೆ ಮೈ ತಾಗದ ಹಾಗೆ.

ಇಬ್ಬರೂ ಹಿಂದೆ ಗುರುತಿಸಿದ್ದ ಎಡಗಡೆಯ ಸೇತುವೆ ದಾಟಿ ಗುಡ್ಡ ಹತ್ತಿದರು. ಗುಹೆಯೊಳಗೆ ಬೊಪ್ಪಣ್ಣ ಕೈ ಚಾಚಿ ಕಲ್ಲಾಗಿ ನಿಂತಿದ್ದ. ಚೆನ್ನಿಗ ಅವನ ಮುಖ ನೋಡಲಾರದೆ ನೆಲ ನೋಡುತ್ತ ದಾಟಿದ.

ಯಮಳಾಂಗ ಎರಡು ಬಾಯಿಂದಲೂ ನಕ್ಕ. "ಕುರುಡ ಮತ್ತೆ ಬಂದನೇ? ಮುದುಕಿ, ಇವನನ್ನು ನಂಬಿ ಬಂದೆಯಾ? ಅವತ್ತು ಇವನು ಕಾಣದೆಯೇ ಸುಳ್ಳು ಹೇಳಿದ. ಆ ಗುಟ್ಟು ನಿನಗೆ ಗೊತ್ತೇ?"

"ಗೊತ್ತು. ಅವನೇ ಹೇಳಿದ" ಎಂದಳು ಹೊಳೆಯವ್ವ.

ಯಮಳಾಂಗನ ನಗು ಅರ್ಧಕ್ಕೇ ನಿಂತಿತು. ಆಮೇಲೆ ಅವನು ಚೆನ್ನಿಗನತ್ತ ತಿರುಗಿ ಮೆತ್ತಗೆ ಹೇಳಿದ: "ನಿನ್ನ ಗಾಜನ್ನು ಹೊಸದರ ಹಾಗೆ ಮಾಡಿಕೊಡುತ್ತೇನೆ. ನೀನು ಹೇಳಿದ ಸುಳ್ಳನ್ನು ಎಲ್ಲರ ನೆನಪಿನಿಂದ ಅಳಿಸುತ್ತೇನೆ. ಹಿಂದಿರುಗಿ ಹೋಗು."

ಚೆನ್ನಿಗನ ಎದೆ ಆಸೆಯಿಂದ ಹೊಡೆದುಕೊಂಡಿತು. ಆ ಆಸೆಗೂ ಅವನಿಗೆ ನಾಚಿಕೆಯಾಯಿತು. "ಹಿಡಿಯಿರಿ ಅವ್ವ" ಎಂದು ಕ್ಯಾಮೆರಾಕ್ಕೆ ಕಟ್ಟಿ ತಂದಿದ್ದ ದಾರದ ತುದಿಯನ್ನು ಹೊಳೆಯವ್ವನ ಕೈಗೆ ಕೊಟ್ಟು ಮುಂದೆ ನಡೆದ.

ದಾರ ಹಿಡಿದು ಬರುವ ಮುದುಕಿಯನ್ನು ಕಂಡು ಮಾಂತ್ರಿಕನಿಗೆ ತಮಾಷೆ ಎನಿಸಿತು. ಯಾವತ್ತೂ ನಿಲ್ಲದವನು ನಿಂತು ನೋಡಿದ. ಹೊಳೆಯವ್ವ ಎಡಗಡೆಯವನ ಎದೆಗೆ ದಾರ ಚಾಚಿದಳು. ದಾರ ಹೊಗೆಯೊಳಗೆ ಹೋದ ಹಾಗೆ ತೂರಿಹೋಯಿತು. ಬಲಗಡೆಯವನಿಗೆ ಚಾಚಿದಳು. ತುದಿ ತಾಗಿ ನಿಂತಿತು.

"ಒತ್ತು" ಎಂದಳು.

ಚೆನ್ನಿಗ ದಾರ ಬಿಗಿಯಾಗುವಷ್ಟು ಹಿಂದೆ ಸರಿದು, ಉಸಿರು ಹಿಡಿದು ಗುಂಡಿ ಒತ್ತಿದ. ಕ್ಯಾಮೆರಾ ಸಣ್ಣದೊಂದು ಸದ್ದು ಮಾಡಿತು. ಯಮಳಾಂಗ ಎರಡರಿಂದ ಒಂದಾದ, ಒಂದರಿಂದ ಬೆಳಕಾದ, ಲೆನ್ಸಿನೊಳಗೆ ಇಳಿದುಹೋದ. ಕೆಳಗೆ ಹೊನ್ನಸಾಲೆಯಲ್ಲಿ ಸುಳ್ಳುಬಾಗಿಲುಗಳೆಲ್ಲ ಕರಗಿದವು. ಮಕ್ಕಳ ತೋಳಿಗೆ ತಾಯಂದಿರು ಸಿಕ್ಕರು.

ಬೊಪ್ಪಣ್ಣ ಬೆರಳಾಡಿಸಿದ, ಕಣ್ಣು ತೆರೆದ. "ಹಿಡಿದೆನಾ?" ಎಂದು ಕೇಳಿದ.

"ಇಲ್ಲ" ಎಂದ ಚೆನ್ನಿಗ. "ನನಗೆ ಕಾಣಲಿಲ್ಲ ಬೊಪ್ಪಣ್ಣ. ಕಾಣದೆಯೇ ಎಡಗಡೆ ಅಂದೆ. ಆಮೇಲೆ ನೀನೇ ಆತುರಪಟ್ಟೆ ಅಂತ ರಾಜನಿಗೆ ಹೇಳಿದೆ, ನಿನ್ನ ಅವ್ವನೂ ಅದನ್ನೇ ನಂಬಿದಳು."

ಬೊಪ್ಪಣ್ಣ ಅವನನ್ನೇ ನೋಡಿದ. ಹೊಳೆಯವ್ವನ ಕೈ ಹಿಡಿದು ಗುಡ್ಡ ಇಳಿಸಿದ. ಚೆನ್ನಿಗ ಸ್ವಲ್ಪ ಹಿಂದೆ ಒಬ್ಬನೇ ನಡೆದ. ಊರಿನ ಬಾಗಿಲಲ್ಲಿ ಜನ ಹೂವು ಹಿಡಿದು ನಿಂತಿದ್ದರು. ಅಲ್ಲಿ ಬೊಪ್ಪಣ್ಣ ನಿಂತು ತಿರುಗಿದ.

"ಅವ್ವನಿಗೆ ನಿಜ ಹೇಳಿದೆಯಾ?"

"ಇಲ್ಲ. ಸಭೆಯಲ್ಲಿ ಹೇಳಿದೆ. ಅವಳ ಮುಂದೆ ಹೋಗಿ ನಿಲ್ಲುವುದು ಆಗಲಿಲ್ಲ."

"ಹಾಗಾದರೆ ಈಗ ನನ್ನ ಜೊತೆ ಮನೆಗೆ ಬಾ. ಅವಳಿಗೆ ನಾನು ಹೇಳೋದಿಲ್ಲ, ನೀನೇ ಹೇಳಬೇಕು. ಹೇಳಿ ಮುಗಿಸಿದ ಮೇಲೂ ಅವಳು ಬಡಿಸಿದರೆ ಕೂತು ಉಣ್ಣು."

ಚೆನ್ನಿಗ ಹೋದ. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಗುಂಡವ್ವ ಮಗನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಮೂರು ತಟ್ಟೆ ಇದ್ದವು.

ಹೊನ್ನಸಾಲೆಯ ಜನ ಆಮೇಲೆ ಬಹುಕಾಲ ನೆಮ್ಮದಿಯಿಂದ ಬಾಳಿದರು. ಚೆನ್ನಿಗನೂ ಬಾಳಿದ, ಆದರೆ ಆ ರಾತ್ರಿಯ ಊಟವನ್ನು ಅವನು ತಲೆ ಎತ್ತದೆಯೇ ಉಂಡ.