ಏಳ ಎಂಟ್ಲೆ ಎಷ್ಟು?

“ಇದು ನಮ್ಮ ಲಿಸ್ಟಿನ್ಯಾಗ ಇಲ್ಲ ನೋಡವಾ,” ಎಂದರು ಹೆಸರು ಬರೆದುಕೊಳ್ಳುತ್ತಿದ್ದ ಅಣ್ಣಾಸಾಬ ಮಾಸ್ತರರು. ನೀಲಮ ಅತ್ತಿಯ ಅಂಗವಿಕಲರ ಕಾರ್ಡನ್ನು ಅವರು ಎರಡನೇ ಸಲ ತಿರುಗಿಸಿ ನೋಡುತ್ತಿದ್ದರು.

ದಾನೇಶ್ವರಿ ಟೇಬಲ್ಲಿಗೆ ಆತುಕೊಂಡು ನಿಂತಳು. “ಯಾಕ್ರಿ ಸರ್? ಅಂಗವಿಕಲರ ಸ್ಪೋರ್ಟ್ಸ್ ಅಂತ ಬೋರ್ಡ್ ಹಚ್ಚೀರಲ್ರಿ?”

“ಓಡಾಕ ನಾಕ ಗುಂಪ ಅದಾವ. ಕಣ್ಣ ಕಾಣದವರು, ಕಿವಿ ಕೇಳದವರು, ಕೈಕಾಲ ಊನ ಇದ್ದವರು, ಬುದ್ಧಿಮಾಂದ್ಯರು. ಈ ಕಾರ್ಡಿನ್ಯಾಗ ಮಾನಸಿಕ ಕಾಯಿಲೆ ಅಂತ ಬರದಾರ. ಅದಕ್ಕ ಗುಂಪಿಲ್ಲ.”

ಸಾಲಿನಲ್ಲಿದ್ದವರೆಲ್ಲ ಅತ್ತಿಯ ಕಡೆ ನೋಡಿದರು. ಅತ್ತಿ ನಡುಗುವ ಕೈಯನ್ನು ಓಡಣಿಯೊಳಗೆ ಮುಚ್ಚಿಕೊಂಡಳು.

ಅತ್ತಿ ಎಂದರೆ ದಾನೇಶ್ವರಿಯ ಅಪ್ಪನ ತಂಗಿ. ಕಾಲೇಜಿನಲ್ಲಿದ್ದಾಗ ಅವಳಷ್ಟು ಜೋರಾಗಿ ಐನಾಪುರದಲ್ಲಿ ಯಾರೂ ಓಡುತ್ತಿರಲಿಲ್ಲ. ಮದುವೆಯಾದ ಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಬೈಯುವುದು ಅವಳಿಗೆ ಕೇಳಿಸತೊಡಗಿತು. ಗಂಡನ ಮನೆಯವರು ತಂದು ಬಿಟ್ಟು ಹೋದರು. ಈಗ ದಿನಾ ಗುಳಿಗೆ. ಗುಳಿಗೆಯಿಂದ ಮೈ ಭಾರ, ಕೈ ನಡುಕ. ಕಾಲೇಜು ಹುಡುಗಿಯರ ಜೊತೆ ಓಡಿದರೆ ಅವಳೇ ಕೊನೆ. ಆದರೂ ಎಂಟು ತಿಂಗಳಿಂದ ಬೆಳಗಾದರೆ ಕಾಲುವೆಯ ದಂಡೆ ಹಿಡಿದು ಓಡುತ್ತಿದ್ದಳು. ಈ ಸ್ಪರ್ಧೆಯ ಸುದ್ದಿ ತಂದವಳು ದಾನೇಶ್ವರಿಯೇ.

ಮಾಸ್ತರರು ದನಿ ತಗ್ಗಿಸಿದರು. “ದೂರದಿಂದ ಬಂದೀರಿ. ಒಂದ ಕೆಲಸ ಮಾಡೂನು. ಬುದ್ಧಿಮಾಂದ್ಯರ ಗುಂಪಿಗೆ ಹೆಸರ ಹಚ್ತೀನಿ. ಸುಮ್ನ ಒಂದ ಪ್ರಶ್ನಿ ಕೇಳ್ತೀನಿ. ಗೊತ್ತಿಲ್ಲ ಅಂದ್ರ ಸಾಕು.”

ದಾನೇಶ್ವರಿ ಅತ್ತಿಯ ಕಿವಿಗೆ ಬಾಯಿಟ್ಟಳು. “ಗೊತ್ತಿಲ್ಲ ಅಂದ್ಬಿಡ, ಅತ್ತಿ.”



“ಏಳ ಎಂಟ್ಲೆ ಎಷ್ಟವಾ?”

ದಾನೇಶ್ವರಿಗೆ ಮಗ್ಗಿ ಕಲಿಸಿದವಳೇ ಅತ್ತಿ. ಮಾಸ್ತರರು ಪೆನ್ನು ಹಿಡಿದು ಕಾಯುತ್ತಿದ್ದರು.

“ಐವತ್ತಾರ್ರಿ,” ಎಂದಳು ಅತ್ತಿ.

“ತಡಿಯವಾ. ವಿಚಾರ ಮಾಡಿ ಹೇಳು.”

“ಎಷ್ಟ ಸಲ ಕೇಳಿದ್ರೂ ಐವತ್ತಾರ್ರಿ.”

ಮಾಸ್ತರರು ಮುಖ ನೋಡದೆ ಕಾರ್ಡು ವಾಪಸ್ ಕೊಟ್ಟರು.

ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕುಳಿತರು. ದಾನೇಶ್ವರಿಗೆ ಸಿಟ್ಟು ತಡೆಯಲಾಗಲಿಲ್ಲ.

“ಒಂದ ಸುಳ್ಳ ಹೇಳಿದ್ರ ಏನ ಆಗ್ತಿತ್ತ? ಎಂಟ ತಿಂಗಳ ಓಡಿದ್ದೆಲ್ಲಾ ವೇಸ್ಟ್ ಆತು.”

ಅತ್ತಿ ಮಣ್ಣು ಕೆದರುತ್ತ ಮೆಲ್ಲಗೆ ಹೇಳಿದಳು: “ದಾನವ್ವ, ನನ್ನ ತಲಿ ಮೊದಲ ನನಗ ಸುಳ್ಳ ಹೇಳತೈತಿ. ಇಲ್ಲದ್ದು ಐತಿ ಅಂತೈತಿ. ಅದರ ಜೋಡಿ ನಾನೂ ಸುಳ್ಳ ಹೇಳಾಕ ಹತ್ತಿದ್ರ, ಖರೇ ಯಾವುದಂತ ನನಗ ಹ್ಯಾಂಗ ತಿಳೀಬೇಕ?”



ಮೈದಾನದಲ್ಲಿ ಸೀಟಿ ಕೂಗಿತು. ಬುದ್ಧಿಮಾಂದ್ಯರ ಗುಂಪಿನ ಹುಡುಗಿಯರು ಓಡತೊಡಗಿದರು. ಕುಳಿತಲ್ಲೇ ಅತ್ತಿಯ ಹಿಮ್ಮಡಿ ಮೇಲೆದ್ದಿತು, ಮತ್ತೆ ನೆಲಕ್ಕಿಳಿಯಿತು. ಮುಂದಿದ್ದ ಹುಡುಗಿ ಅತ್ತಿಗಿಂತ ನಿಧಾನ. ‘ನೀನ ಫಸ್ಟ್ ಬರ್ತಿದ್ದಿ’ ಎಂಬ ಮಾತು ದಾನೇಶ್ವರಿಯ ಬಾಯಿತನಕ ಬಂತು. ಅತ್ತಿಯ ಮುಖ ನೋಡಿ ಅದನ್ನು ನುಂಗಿಕೊಂಡಳು.

ರಸ್ತೆಯಲ್ಲಿ ಐನಾಪುರದ ಬಸ್ಸು ಹಾರ್ನ್ ಹೊಡೆಯಿತು. ಅದು ಹೋದರೆ ಮುಂದಿನದು ನಾಲ್ಕಕ್ಕೆ. ಅತ್ತಿಯ ಕಣ್ಣು ಇನ್ನೂ ಓಟದ ಮೇಲೇ ಇತ್ತು.

ದಾನೇಶ್ವರಿ ಅವಳನ್ನು ಎಬ್ಬಿಸಲಿಲ್ಲ. ಬಸ್ಸು ಹೊರಟುಹೋಯಿತು.