ನಲವತ್ಮೂರು ಇಂಚಿನ ಪಟ್ಟಿ

"ಸಿಗ್ತಾನೇ ಇಲ್ಲ ಭಾವ... ಟಿವಿ ಹೆಸರೇ ಬರ್ತಿಲ್ಲ!"

ಸೋಫಾದ ತುದಿಯಲ್ಲಿ ಕೂತು, ಫೋನನ್ನು ಟಿವಿಯ ಕಡೆಗೆ ಚಾಚಿ ಹಿಡಿದಿದ್ದ ಮುರಳಿಮೋಹನನ ಹಣೆಯ ಮೇಲೆ ಬೆವರು. ಕಾಫಿ ತಟ್ಟೆ ಹಿಡಿದು ಹಜಾರಕ್ಕೆ ಬಂದ ಶಿರೀಷಾ ಅವನನ್ನು ಮೊದಲ ಸಲ ನೋಡಿದ್ದು ಹೀಗೆ. ಹೆಣ್ಣು ನೋಡೋಕೆ ಅಂತ ನಂದಿಯಿಂದ ಜಂಗಮಕೋಟೆಗೆ ಬಂದವನು, ಹೆಣ್ಣನ್ನು ಬಿಟ್ಟು ಟಿವಿಯನ್ನೇ ನೋಡ್ತಿದ್ದ!

ಪಕ್ಕದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದವನು ಅವನ ಅಕ್ಕನ ಗಂಡ ಮೋಹನ್‌ಬಾಬು. ಮಾತೆಲ್ಲ ಅವನದೇ.

"ನಮ್ಮ ದ್ರಾಕ್ಷಿ ತೋಟಾನ ಡ್ರೋನ್‌ನಲ್ಲಿ ಹಿಡಿಸಿದೀವಿ ನರಸಿಂಹಪ್ಪನವರೇ. ಅಂಗೈ ಅಗಲದ ಫೋನಲ್ಲಿ ನೋಡಿದ್ರೆ ಏನು ಚೆಂದ? ದೊಡ್ಡದಾಗಿ ನೋಡ್ಬೇಕು!"

ಶಿರೀಷಾಳ ಅಪ್ಪ ನರಸಿಂಹಪ್ಪ ಪೆಚ್ಚಾಗಿ ನಕ್ಕರು. ರೇಷ್ಮೆ ಹುಳು ಸಾಕೋ ಮನೆ. ಆ ನಲವತ್ಮೂರು ಇಂಚಿನ ಟಿವಿ ಬಂದಿದ್ದೇ ಹೋದ ವರ್ಷ, ಮಗಳ ಸಂಬಳದಲ್ಲಿ.

ಶಿರೀಷಾ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕ್ಲಾಸಿನ ಟಿವಿಯ ಜೊತೆ ದಿನಾ ಗುದ್ದಾಡುವವಳು. ಸುಮ್ಮನಿರಲಾಗಲಿಲ್ಲ.

"ನಿಮ್ಮ ಫೋನು ನಿಮ್ಮ ನೆಟ್‌ನಲ್ಲಿದೆ, ಟಿವಿ ನಮ್ಮ ವೈಫೈನಲ್ಲಿದೆ. ಎರಡೂ ಒಂದೇ ವೈಫೈಗೆ ಬಂದ್ರೇನೇ ಒಂದಕ್ಕೊಂದು ಕಾಣ್ಸೋದು."

ಅವನು ತಲೆಯೆತ್ತಿದ. "ಓ... ಒಂದೇ ಮನೇಲಿದ್ರೆ ಸಾಲ್ದಾ?"

ಶಿರೀಷಾಗೆ ನಗು ಬಂತು. ಅವನೂ ನಕ್ಕ. ಚಿಂತಾಮಣಿಯಲ್ಲಿ ದನದ ಡಾಕ್ಟರು ಅಂತ ಹೇಳಿದ್ದರು. ಗತ್ತಿನ ಮನುಷ್ಯ ಇರಬಹುದು ಅಂದುಕೊಂಡಿದ್ದಳು. ಇವನಲ್ಲಿ ಅಂಥದ್ದೇನೂ ಇರಲಿಲ್ಲ.

'ಪರವಾಗಿಲ್ಲ... ಮಾತಾಡಬಹುದು ಇವರ ಹತ್ರ.'

ವೈಫೈ ಸಿಕ್ಕಿತು. ಟಿವಿಯಲ್ಲಿ ಒಂದು ಚಕ್ರ ತಿರುಗತೊಡಗಿತು. ತಿರುಗಿತು... ತಿರುಗುತ್ತಲೇ ಇತ್ತು. ಆಮೇಲೆ ಬರೀ ಸಂಗೀತ ಬಂತು, ಚಿತ್ರ ಬರಲಿಲ್ಲ. ಇನ್ನೊಂದು ಸಲ ಹಾಕಿದರೆ ಚಿತ್ರ ಬಂತು, ಅಲ್ಲೇ ಕಲ್ಲಾಗಿ ನಿಂತಿತು.

"ಏನೇ ಅಮ್ಮಯ್ಯಾ ಅದು, ಟಿವಿಗೂ ಮೈ ಹುಷಾರಿಲ್ವಾ?" ಮೂಲೆಯಲ್ಲಿ ಕೂತಿದ್ದ ಅಜ್ಜಿ ಅಮ್ಮಾಜಮ್ಮ ಕೇಳಿದರು.

"ವಿಡಿಯೋ ಒಂದನ್ನೇ ಕಳ್ಸೋದು ಬೇಡ. ನಿಮ್ಮ ಫೋನಿನ ಸ್ಕ್ರೀನ್ ಪೂರ್ತಿ ಟಿವಿಗೆ ಹಾಕ್ಬಿಡಿ, ಬರುತ್ತೆ," ಅಂದಳು ಶಿರೀಷಾ. ಎಲ್ಲಿ ಒತ್ತಬೇಕು ಅಂತಲೂ ಅವಳೇ ತೋರಿಸಿದಳು.

ಬಂತು! ಟಿವಿ ತುಂಬಾ ಹಸಿರು ದ್ರಾಕ್ಷಿ ಚಪ್ಪರ. ಎಲ್ಲರೂ "ಆಹಾ" ಅಂದರು.

ಅಷ್ಟರಲ್ಲಿ ಟಿವಿಯ ನೆತ್ತಿಯ ಮೇಲೆ ಒಂದು ಮೆಸೇಜ್ ಇಳಿಯಿತು.

*ಮೋಹನ್‌ಬಾಬು ಭಾವ: ಫೋಟೋದಲ್ಲಿದ್ದಷ್ಟು ಬಿಳುಪಿಲ್ಲ ಹುಡುಗಿ. ಹಲ್ಲು ಹತ್ತಿರದಿಂದ ನೋಡಿದ್ರೆ ಇನ್ನೂ ಮುಂದೆ.*

ಶಿರೀಷಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅದನ್ನು ಬರೆದವನು ಎದುರಿಗೇ ಕೂತಿದ್ದ! ಒಂದು ಕೈಯಲ್ಲಿ ಅವಳು ಕೊಟ್ಟ ಕಾಫಿ, ಇನ್ನೊಂದರಲ್ಲಿ ಫೋನು.

ಮುರಳಿ ಗಾಬರಿಯಿಂದ ಮೆಸೇಜನ್ನು ಪಕ್ಕಕ್ಕೆ ಸರಿಸಲು ಹೋದ. ಬೆರಳು ಅದರ ಮೇಲೇ ಒತ್ತಿತು. ತೋಟ ಮಾಯವಾಯಿತು. 'ಮುರಳಿ ಮದುವೆ ಕಮಿಟಿ' ಅನ್ನೋ ಗ್ರೂಪು ಟಿವಿಯ ತುಂಬಾ ತೆರೆದುಕೊಂಡಿತು. ಸಾಲಾಗಿ ಆರು ಹುಡುಗಿಯರ ಫೋಟೋಗಳು. ಕೆಳಗೆ ಒಂದು ಪಟ್ಟಿ.

ಎಲ್ಲರ ಕಣ್ಣೂ ಆ ಪಟ್ಟಿಯ ಮೇಲೆ.

"ಏನ್ ಬರ್ದವ್ರೆ ಅದ್ರಲ್ಲಿ?" ಅಜ್ಜಿಗೆ ಓದು ಬರುತ್ತಿರಲಿಲ್ಲ. "ಯಾಕೆ ಎಲ್ಲಾ ಹಂಗೆ ಕೂತ್ರಿ? ಓದೇ ಶಿರೀ."

ಮುರಳಿ ಫೋನಿನ ಮೇಲೆ ಏನೇನೋ ಒತ್ತುತ್ತಿದ್ದ. ಬರದೆ ಸತಾಯಿಸಿದ್ದ ಟಿವಿ ಈಗ ಹೋಗದೆ ಸತಾಯಿಸುತ್ತಿತ್ತು.

ಶಿರೀಷಾ ತಟ್ಟೆ ಕೆಳಗಿಟ್ಟಳು. ಕ್ಲಾಸಿನಲ್ಲಿ ಪಾಠ ಓದುವ ಹಾಗೆ, ಒಂದೊಂದೇ ಮಾತು ಬಿಡಿಸಿ ಓದಿದಳು.

"ನಂಬರ್ ಒಂದು, ಗೌರಿಬಿದನೂರು. ಬಣ್ಣ ಹತ್ತಕ್ಕೆ ಎಂಟು. ತಾಯಿ ದಪ್ಪ, ಇವಳೂ ಆಗ್ತಾಳೆ. ನಂಬರ್ ಎರಡು, ಮಂಚೇನಹಳ್ಳಿ. ಬಣ್ಣ ಏಳು. ಕೂದಲು ಸ್ವಂತದ್ದೋ ಅಲ್ವೋ ನೋಡ್ಬೇಕು. ನಂಬರ್ ಮೂರು... ಇನ್ನೊಂದ್ಸಲ ನಡೆಸಿ ನೋಡೋದು. ನಂಬರ್ ನಾಲ್ಕು, ಜಂಗಮಕೋಟೆ. ಅದು ನಾನು ಅಜ್ಜಿ. ಬಣ್ಣ ಐದು. ಹಲ್ಲು ಮುಂದೆ. ಕೆಲಸ ಇದೆ. ವಯಸ್ಸು ಇಪ್ಪತ್ತೊಂಬತ್ತು, ಬೇರೆ ಗತಿಯಿಲ್ಲ, ಒಪ್ಕೋತಾರೆ."

 ಅವಳು ಅಲ್ಲಿಗೂ ನಿಲ್ಲಿಸಲಿಲ್ಲ.

"ಅದರ ಕೆಳಗೆ ಹೆಬ್ಬೆಟ್ಟಿನ ಗುರುತು. ಆಗಲಿ, ಒಪ್ಪಿಗೆ ಅಂತ. ಅದನ್ನ ಕಳ್ಸಿರೋದು ಈ ಡಾಕ್ಟರು."

"ಶಿರೀಷಾ ಅವರೇ, ನಾನು..."

"ಮಾತಾಡ್ಬೇಡಿ." ಅವಳು ವೈಫೈ ಡಬ್ಬಿಯ ಸ್ವಿಚ್ಚನ್ನೇ ಆರಿಸಿದಳು. ಟಿವಿ ಕಪ್ಪಾಯಿತು.

ಮೋಹನ್‌ಬಾಬು ಗಂಟಲು ಸರಿಮಾಡಿಕೊಂಡ. "ಅಯ್ಯೋ, ಇದೆಲ್ಲಾ ಎಲ್ಲಾ ಮನೇಲೂ ಮಾತಾಡೋದೇ ಅಲ್ವಾ... ನಾವು ಬರ್ಕೊಂಡ್ವಿ, ಅಷ್ಟೇ..."

ನರಸಿಂಹಪ್ಪ ಎದ್ದು ನಿಂತರು. ಯಾವತ್ತೂ ಗಟ್ಟಿಯಾಗಿ ಮಾತಾಡದ ಮನುಷ್ಯ.

"ಸಂತೇಲಿ ಹಸು ಹಲ್ಲು ನೋಡೋನೂ ಮೊದ್ಲು ಅದರ ಬೆನ್ನು ಸವರ್ತಾನೆ ಕಣಯ್ಯಾ. ಎದ್ದೇಳಿ. ಹೊರಡಿ."

*

ಅವರು ಹೋದ ಮೇಲೆ ಶಿರೀಷಾ ಬಚ್ಚಲಿಗೆ ಹೋಗಿ ಮುಖಕ್ಕೆ ಸೋಪು ಹಚ್ಚಿದಳು. ತೊಳೆದಳು. ಮತ್ತೆ ಹಚ್ಚಿದಳು. ಮೈಮೇಲೆ ಏನೋ ಅಂಟಂಟು ಹರಿದಾಡಿದ ಹಾಗೆ... ಎಷ್ಟು ತೊಳೆದರೂ ಹೋಗದು.

ಕಾಯಿಲೆ ಬಿದ್ದ ರೇಷ್ಮೆ ಹುಳುಗಳನ್ನು ಬರಿಗೈಯಲ್ಲಿ ಆರಿಸಿ ಬಿಸಾಡಿದವಳು ಅವಳು. ಕೊಳೆತ ಹುಳು ಬೆರಳ ನಡುವೆ ಒಡೆದರೂ ಮುಖ ಸಿಂಡರಿಸಿದವಳಲ್ಲ. ಇವತ್ತು ಮಾತ್ರ ಅಸಹ್ಯಕ್ಕೆ ಮೂರನೇ ಸಲ ಸೋಪು ಹಚ್ಚಿದಳು.

ಅದಕ್ಕಿಂತ ಹೆಚ್ಚು ಅಸಹ್ಯ ಆಗಿದ್ದು ತನ್ನ ಮೇಲೇ.

'ಅವನು ನಕ್ಕಾಗ ನನಗೆ ಖುಷಿಯಾಯ್ತಲ್ಲ... ಛೀ!'

ವಾರ ಕಳೆದರೂ ಕನ್ನಡಿ ಮುಂದೆ ನಿಂತರೆ ಕಣ್ಣು ಹಲ್ಲಿನ ಮೇಲೇ ಹೋಗುತ್ತಿತ್ತು. ಕ್ಲಾಸಿನಲ್ಲಿ ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಇಲ್ಲದ ಚಾಳಿ! ಅದು ನೆನಪಾದಾಗಲೆಲ್ಲ ಆ ಮೋಹನ್‌ಬಾಬುವಿನ ಬೆರಳುಗಳು, ತನ್ನ ಲೋಟ ಹಿಡಿದ ಆ ಬೆರಳುಗಳು ಕಣ್ಣಿಗೆ ಬಂದು ಮೈ ಜುಮ್ಮೆನ್ನುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟಾಗ ಗೇಟಿನ ಹತ್ತಿರ ಮುರಳಿ ನಿಂತಿದ್ದ.

ಅವಳ ಹೆಜ್ಜೆ ನಿಂತಿತು. "ಇಲ್ಲಿಗೂ ಬಂದ್ರಾ? ಯಾಕೆ, ಇನ್ನೊಂದ್ಸಲ ನಡೆಸಿ ನೋಡೋಕಾ?"

ಅವನ ಮುಖ ಕಪ್ಪಿಟ್ಟಿತು. "ಕ್ಷಮೆ ಕೇಳೋಕೆ ಬಂದೆ. ಆ ಪಟ್ಟೀನ ನಾನು ಓದಿರ್ಲಿಲ್ಲ. ಆ ಗ್ರೂಪಲ್ಲಿ ದಿನಕ್ಕೆ ನೂರು ಮೆಸೇಜು. ದೊಡ್ಡವರು ಏನು ಹಾಕಿದ್ರೂ ಒಂದು ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಹೋಗ್ತಿದ್ದೆ."

"ಓದ್ದೇ ಒತ್ತಿದ್ರಾ?"

"ಹೌದು."

"ಹಂಗಾದ್ರೆ ಇನ್ನೂ ಅಸಹ್ಯ!" ಅವಳ ಕಣ್ಣಲ್ಲಿ ನೀರು ತುಂಬಿತು, ಕೋಪಕ್ಕೆ. "ನಿಮ್ಮ ಭಾವ ನಮ್ಮನ್ನ ಕಣ್ಣಿಟ್ಟಾದ್ರೂ ನೋಡಿದ್ರು. ನೀವು ನೋಡ್ಲೇ ಇಲ್ಲ. ಮದುವೆ ಆಗೋರು ನೀವು. ಆರು ಜನ ಹುಡುಗೀರನ್ನ ಅವರ ಕೈಗೆ ಕೊಟ್ಟು ಹೋದ್ರಿ!"

ಅವನು ವಾದ ಮಾಡಲಿಲ್ಲ. ತಲೆ ತಗ್ಗಿಸಿದ. "ನಿಜ. ನೋಡ್ಬೇಕಾಗಿದ್ದು ನಾನು."

"ನನ್ನ ಹತ್ರ ಕ್ಷಮೆ ಕೇಳಿ ಏನ್ ಉಪಯೋಗ? ಇನ್ನೂ ಐದು ಜನರ ಫೋಟೋ ನಿಮ್ಮ ನೆಂಟರ ಫೋನಲ್ಲಿದೆ. ಆ ಮಾತುಗಳೂ ಇವೆ. ಅವರಿಗೆ ಗೊತ್ತೂ ಇಲ್ಲ. ಹೋಗಿ... ನನಗೆ ನಿಮ್ಮನ್ನ ನೋಡಿದ್ರೆ ವಾಕರಿಕೆ ಬರುತ್ತೆ."

ಅವನು ತಲೆಯಾಡಿಸಿದ. "ಸರಿ," ಅಂದ. ಹೋದ.

ಬಸ್ಸಿನಲ್ಲಿ ಕೂತ ಮೇಲೆ ಶಿರೀಷಾಗೆ ಅಳು ಉಕ್ಕಿ ಬಂತು. ಯಾಕೆ ಅಂತ ಅವಳಿಗೇ ಗೊತ್ತಾಗಲಿಲ್ಲ.

*

ಮೂರು ವಾರ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಶಿರೀಷಾ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತೈದರ ಆಸುಪಾಸು. ಕಣ್ಣ ಕೆಳಗೆ ಕಪ್ಪು.

"ನಾನು ರೂಪ ಅಂತ. ಮುರಳಿ ಅಕ್ಕ. ಅವತ್ತು ಮಕ್ಕಳಿಗೆ ಜ್ವರ ಅಂತ ಬಂದಿರ್ಲಿಲ್ಲ."

ಮೋಹನ್‌ಬಾಬುವಿನ ಹೆಂಡತಿ! ಶಿರೀಷಾಳ ಮುಖ ಬಿಗಿಯಾಯಿತು. "ಏನು ಬೇಕಿತ್ತು?"

"ಏನೂ ಬೇಡಮ್ಮ. ನಾನು ಬಂದಿರೋದು ಮುರಳಿಗೂ ಗೊತ್ತಿಲ್ಲ. ಕೇಳಿ ಕಳ್ಸಿಬಿಡು."

ರೂಪ ಅಲ್ಲೇ ಹೊಸ್ತಿಲ ಪಕ್ಕ ಕೂತು ಹೇಳಿದಳು. ಹಿಂದಿನ ಭಾನುವಾರ ಮುರಳಿ ನೆಂಟರನ್ನೆಲ್ಲ ಮನೆಗೆ ಕರೆಸಿದ್ದ. ಹನ್ನೊಂದು ಜನ. ಊಟಕ್ಕೆ ಅಂತ ಬಂದವರ ಎದುರಿಗೆ ಮೊದಲು ತನ್ನ ಫೋನು ತೆಗೆದು ಫೋಟೋಗಳನ್ನೆಲ್ಲ ಅಳಿಸಿದ. ಆಮೇಲೆ ಒಬ್ಬೊಬ್ಬರ ಪಕ್ಕ ಕೂತು ಅಳಿಸಿದ. ಅಮ್ಮನದು, ಚಿಕ್ಕಪ್ಪನದು, ಎಲ್ಲರದೂ. ಆ ಐದು ಮನೆಗೂ ತಾನೇ ಫೋನ್ ಮಾಡಿ, ನಿಮ್ಮ ಮಗಳ ಬಗ್ಗೆ ನಮ್ಮ ಮನೇಲಿ ಕೀಳಾಗಿ ಮಾತಾಡಿದೀವಿ, ತಪ್ಪು ನನ್ನದು ಅಂದ. ಒಬ್ಬರು ಫೋನ್ ಇಟ್ಟುಬಿಟ್ಟರು. ಇಬ್ಬರು ಬಾಯಿಗೆ ಬಂದಹಾಗೆ ಬೈದರು. ಕೇಳಿಸಿಕೊಂಡ.

"ನಮ್ಮ ಯಜಮಾನರು ಮಾತ್ರ ಫೋನ್ ಕೊಡ್ಲಿಲ್ಲ." ರೂಪ ಸೆರಗಿನ ತುದಿ ಸುತ್ತಿದಳು. "ಸಿಟ್ಟು ಬಂತು ಅವರಿಗೆ. ಎಲ್ಲರೆದುರಿಗೇ ಅಂದ್ರು... 'ನಿಮ್ಮಕ್ಕನ್ನೂ ಹಿಂಗೇ ನೋಡಿ ತಂದಿದ್ದು ಕಣೋ. ಅವಾಗ ಇಂಥ ಫೋನಿರ್ಲಿಲ್ಲ, ನೋಟ್‌ಬುಕ್‌ನಲ್ಲಿ ಬರ್ದಿದ್ವಿ. ಇವಳು ಮೂರನೆಯವಳು. ಮೊದಲಿನ ಇಬ್ಬರು ಒಪ್ಲಿಲ್ಲ' ಅಂತ."

ಶಿರೀಷಾಳ ಕೈಯಿಂದ ಸೊಪ್ಪು ಜಾರಿತು. "ಅಕ್ಕಾ..."

"ಹದಿನಾಲ್ಕು ವರ್ಷ ಆಯ್ತಮ್ಮ ಮದುವೆಯಾಗಿ. ಮೊನ್ನೆ ಗೊತ್ತಾಯ್ತು ನನ್ನ ನಂಬರು." ರೂಪ ನಕ್ಕಳು. ಆ ನಗು ನೋಡಲಾಗುತ್ತಿರಲಿಲ್ಲ. "ಅವತ್ತಿಂದ ಅವರು ಪಕ್ಕ ಬಂದು ಕೂತ್ರೆ ನಂಗೆ ಅನ್ನ ಇಳಿಯಲ್ಲ. ಮಕ್ಕಳನ್ನ ಕರ್ಕೊಂಡು ಅಮ್ಮನ ಮನೇಲಿದೀನಿ. ಮುರಳಿ 'ನಿನ್ನ ಮನಸ್ಸು ಬಂದಾಗ ಹೋಗು, ಬರದಿದ್ರೆ ಇಲ್ಲೇ ಇರು' ಅಂದಿದಾನೆ. ನಿನ್ನ ಹೆಸರು ಎತ್ತಿದ್ರೆ ಮಾತ್ರ ಎದ್ದು ಹೋಗ್ತಾನೆ. 'ನನ್ನ ನೋಡಿದ್ರೆ ಅವರಿಗೆ ವಾಕರಿಕೆ ಬರುತ್ತಂತೆ ಅಕ್ಕಾ, ಅದು ತಪ್ಪಲ್ಲ' ಅಂತಾನೆ."

ಶಿರೀಷಾ ಅವಳ ಪಕ್ಕ ಕೂತು ಕೈ ಹಿಡಿದಳು.  ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಮಾತ್ರ, ಸರಸರ ಅಂತ.

'ಮುರಳಿ ಅವರು ನನ್ನ ಮೆಚ್ಚಿಸೋಕೆ ಮಾಡಿದ್ರೆ ನನಗೆ ಹೇಳ್ತಿದ್ರು. ಹೇಳಲಿಲ್ಲ...'

*

ಮುಂದಿನ ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ ಶಿರೀಷಾ ಚಿಂತಾಮಣಿ ಬಸ್ಸು ಹತ್ತಿದಳು. ಏನು ಮಾತಾಡಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ದನದ ಆಸ್ಪತ್ರೆಯ ಅಂಗಳ ಹೊಕ್ಕ ತಕ್ಷಣ ಎಲ್ಲ ಮರೆತುಹೋಯಿತು.

ನೆಲದ ಮೇಲೆ ಒಂದು ಸೀಮೆಹಸು ಕತ್ತು ಹೊರಳಿಸಿ ಬಿದ್ದಿತ್ತು. ಸಗಣಿ, ಗಂಜಲ, ಔಷಧಿಯ ನಾತ. ಮುರಳಿ ಆ ಕೆಸರಲ್ಲೇ ಮಂಡಿಯೂರಿ ಹಸುವಿನ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ ಹಿಡಿದಿದ್ದ. ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಕಿಯೊಬ್ಬಳು ಅಳುತ್ತಿದ್ದಳು.

"ಅಳ್ಬೇಡ ಚಿಕ್ಕವೆಂಕಟಮ್ಮ. ಕರು ಹಾಕಿದ ಮೇಲೆ ಮೈಯಲ್ಲಿ ಸುಣ್ಣದಂಶ ಇಳಿದಿದೆ, ಅಷ್ಟೇ. ಏಳ್ತಾಳೆ." ಹೇಳುತ್ತಾ ಅವನು ತಲೆಯೆತ್ತಿದ. ಶಿರೀಷಾಳನ್ನು ಕಂಡು ಮಾತು ನಿಂತಿತು.

"ಶಿ... ನೀವು..."

"ಆ ಬಾಟಲಿ ಕೊಡಿ," ಅಂದಳು. ಅವನು ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಬಾಟಲಿ ಹಿಡಿದು ಹೆಣಗಾಡುತ್ತಿದ್ದ.

"ಇಲ್ಲೆಲ್ಲಾ ಗಲೀಜು... ಸೀರೆ ಹಾಳಾಗುತ್ತೆ."

"ಕೊಡೀಂದ್ರೆ!"

ಅವಳು ಸೆರಗು ಸಿಕ್ಕಿಸಿ, ಬಾಟಲಿ ಎತ್ತಿ ಹಿಡಿದು ನಿಂತಳು. ಹನಿ ಇಳಿಯತೊಡಗಿತು.

"ರೂಪಕ್ಕ ಬಂದಿದ್ರು," ಅಂದಳು ಮೆಲ್ಲಗೆ.

ಅವನು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಹೇಳ್ಬಾರ್ದಿತ್ತು ಅಕ್ಕ. ನಿಮ್ಮ ಮೇಲೆ ಭಾರ ಹಾಕೋಕೆ ಮಾಡಿದ್ದಲ್ಲ ಅದು."

"ಗೊತ್ತು. ಅದಕ್ಕೇ ಬಂದೆ."

ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದು ಅವಳೇ ಹೇಳಿದಳು. "ನನಗಿನ್ನೂ ಆ ಪಟ್ಟಿ ನೆನಪಾದ್ರೆ ಮೈ ಉರಿಯುತ್ತೆ. ನಿಮ್ಮ ಹೆಬ್ಬೆಟ್ಟೂ ನೆನಪಾಗುತ್ತೆ. ಅದು ಬೇಗ ಹೋಗಲ್ಲ."

"ಹೋಗ್ಬೇಕಾಗಿಲ್ಲ. ನನಗೂ ಹೋಗ್ಬಾರ್ದು."

"ಆದ್ರೆ..." ಅವಳ ದನಿ ಒದ್ದೆಯಾಯಿತು. "ನಿಮ್ಮನ್ನ ಮನಸ್ಸಿಂದ ಕಿತ್ತು ಹಾಕೋಕೆ ಒಂದು ತಿಂಗಳಿಂದ ನೋಡ್ತಿದೀನಿ. ಆಗ್ತಾ ಇಲ್ಲ."

ಮುರಳಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣ ಅಂದರೆ ಕೈ ತುಂಬಾ ಸಗಣಿ! ಹಾಗೇ ತೋಳಿಗೆ ಮುಖ ಒರೆಸಿಕೊಂಡ.

"ಶಿರೀಷಾ, ನನಗೆ ನೀವು ಬೇಕು. ಮನೆಯವರು ನೋಡಿದ ಸಂಬಂಧ ಅಂತಲ್ಲ. ಗೇಟ್ ಹತ್ರ ನಿಂತು ಐದು ಜನ ಗುರುತಿಲ್ಲದ ಹುಡುಗೀರಿಗೋಸ್ಕರ ನನ್ನ ಬೈದ್ರಲ್ಲ... ಅವತ್ತಿಂದ. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಇನ್ಯಾವತ್ತೂ ಕಣ್ಣಿಗೆ ಬೀಳಲ್ಲ."

"ಲೇಯ್ ಡಾಕ್ಟರಪ್ಪಾ," ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಂಡು ಗದರಿದಳು, "ಆಮೇಲೆ ಮಾತಾಡ್ಕೊಳ್ಳಿ, ಮೊದ್ಲು ನನ್ನ ಲಚ್ಚೀನ ನೋಡು!"

ಹಸು ಕಿವಿ ಅಲ್ಲಾಡಿಸಿತು. ಒಂದು ಸಲ ಉಸಿರು ದಬ್ಬಿ, ಮುಂಗಾಲು ಊರಿ, ತೂರಾಡುತ್ತಾ... ಎದ್ದೇ ನಿಂತಿತು! ಏಳುವಾಗ ಬಾಲ ಬೀಸಿ ಇಬ್ಬರ ಮುಖಕ್ಕೂ ಸಗಣಿ ಎರಚಿತು.

ಶಿರೀಷಾ ಜೋರಾಗಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

"ಅಯ್ಯೋ... ಅಸಹ್ಯ ಆಯ್ತಾ?" ಮುರಳಿ ಗಾಬರಿಯಾಗಿ ಕೇಳಿದ.

"ಇದಕ್ಕಾ? ನೀರು ಹಾಕಿದ್ರೆ ಹೋಗುತ್ತೆ," ಅಂದಳು. "ನಾಳೆ ಅಪ್ಪನ ಹತ್ರ ಬಂದು ಮಾತಾಡಿ."

"ಬಾಗಿಲಲ್ಲೇ ಬೈತಾರೆ."

"ಬೈಸ್ಕೊಳ್ಳಿ." ಅವಳು ನಲ್ಲಿಯ ಕಡೆ ನಡೆದು, ತಿರುಗಿ ನೋಡಿದಳು. "ನಾನು ಪಕ್ಕದಲ್ಲಿ ನಿಂತಿರ್ತೀನಿ."