ಎಲ್ಲರೂ ಅಂದರೆ ಯಾರು?

“ನಾಳೆ ಮೇಲಿಂದ!”

ಹಾಗೆ ಅಂದದ್ದು ಯಾರು ಎಂದು ಆಮೇಲೆ ಎಷ್ಟು ಯೋಚಿಸಿದರೂ ಇಸ್ತ್ರಿಗೆ ನೆನಪಾಗಲಿಲ್ಲ. ಆಗ ನಾಲ್ವರೂ ಟ್ರಾಲಿಯ ಪಕ್ಕದಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಗೆ ತಾಗಿತ್ತು. ಆ ಗಲಾಟೆಯಲ್ಲಿ ಯಾರದೋ ಬಾಯಿಂದ ಆ ಮಾತು ಬಂತು.

“ಮೇಲಿಂದ ಅಂದ್ರೆ ಪೂರ್ತಿ ಮೇಲಿಂದಾನಾ?” ಎಂದು ಡಬ್ಬಿ ಕೇಳಿದ.

“ಮತ್ತಿನ್ನೇನು? ಅರ್ಧದಿಂದ ಇವತ್ತೇ ಬಂದಾಯ್ತಲ್ಲ” ಎಂದಳು ಪಟಪಟಿ. “ನಾನಂತೂ ಓಕೆ.”

“ನಾನೂ ಓಕೆ” ಎಂದ ಲೈಟ್‌ಕಂಬ.

“ಓಕೆ” ಎಂದ ಡಬ್ಬಿ.

ಮೂವರೂ ಇಸ್ತ್ರಿಯ ಮುಖ ನೋಡಿದರು. ‘ಬೇಡ’ ಎಂಬ ಮಾತು ಅವಳ ಗಂಟಲಿನವರೆಗೆ ಬಂದು ನಿಂತಿತ್ತು. ಅದನ್ನು ಹೇಳಲೆಂದೇ ಬಾಯಿ ತೆರೆದಳು.

“ಓಕೆ” ಎಂದಿತು ಬಾಯಿ.

ಈ ಹೆಸರುಗಳನ್ನೆಲ್ಲ ಅವರವರೇ ಇಟ್ಟುಕೊಂಡದ್ದು. ಲೈಟ್‌ಕಂಬ ಆರನೇ ಕ್ಲಾಸಿಗೇ ಮೇಷ್ಟ್ರಷ್ಟು ಉದ್ದ ಬೆಳೆದಿದ್ದ. ಪಟಪಟಿಯ ಬಾಯಿಗೆ ಬೀಗವೇ ಇರಲಿಲ್ಲ. ಡಬ್ಬಿ ಎಲ್ಲರಿಗಿಂತ ಚಿಕ್ಕವನು, ಮೂರನೇ ಕ್ಲಾಸು. ತಿಂಡಿ ಡಬ್ಬಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಇಸ್ತ್ರಿಯ ಅಮ್ಮ ಅದೇ ಕಟ್ಟಡದ ನೆಲಮಹಡಿಯ ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಹಾಗಾಗಿ ಮಗಳಿಗೆ ಆ ಹೆಸರು.

ಲಾಂಡ್ರಿಯ ಹಿಂದೆ ಸಣ್ಣ ಅಂಗಳ. ಅಂಗಳದ ಅಂಚಿನಿಂದ ರಸ್ತೆಯ ಗೇಟಿನವರೆಗೆ ಸಿಮೆಂಟಿನ ಇಳಿಜಾರು. ಒಗೆದ ಬಟ್ಟೆಯ ಟ್ರಾಲಿಗಳನ್ನು ಲಾಂಡ್ರಿಯವರು ಅದರ ಮೇಲೆ ಹುಷಾರಾಗಿ ಇಳಿಸುತ್ತಿದ್ದರು. ಮುಂದೆ ಒಬ್ಬರು, ಹಿಂದೆ ಒಬ್ಬರು.

ಮಕ್ಕಳ ಟ್ರಾಲಿ ಹಳೆಯದು. ಅದರ ಮುಂದಿನ ಒಂದು ಚಕ್ರ ಗಡಗಡ ಅಲ್ಲಾಡುತ್ತಿತ್ತು ಎಂದು ಅದನ್ನು ಮೂಲೆಗೆ ಹಾಕಿದ್ದರು. “ಆಡ್ಕೊಳ್ಳಿ. ಆದ್ರೆ ಅಂಗಳ ದಾಟಬಾರದು” ಎಂದು ಅಮ್ಮ ಹೇಳಿದ್ದರು.

ಮೊದಲನೇ ದಿನ ಅಂಗಳ ದಾಟಲಿಲ್ಲ. ಎರಡನೇ ದಿನ ಇಳಿಜಾರಿನ ಬುಡದಲ್ಲಿ, ಒಂದೇ ಒಂದು ಮಾರು ಮೇಲಿಂದ. ಮೂರನೇ ದಿನ ಇನ್ನೂ ಸ್ವಲ್ಪ ಮೇಲಿಂದ. ಗೇಟಿನ ಬಾಯಿಗೆ ಚಿಂದಿ ಬಟ್ಟೆಯ ಮೂಟೆಗಳನ್ನು ಅಡ್ಡ ಇಟ್ಟರು. ಇವತ್ತು ಅರ್ಧದಿಂದ ಬಂದು ಮೂಟೆಗೆ ಧೊಪ್ಪೆಂದು ಗುದ್ದಿದ್ದರು. ನಾಳೆ ಪೂರ್ತಿ.

ಟ್ರಾಲಿ ಬರುವ ಮೊದಲು ಇಸ್ತ್ರಿ ಈ ಗ್ಯಾಂಗಿನಲ್ಲಿ ಇರಲೇ ಇಲ್ಲ. “ಮೂರೇ ಜನ ಆಡೋ ಆಟ ಇದು” ಎಂದು ಅವಳನ್ನು ಎಷ್ಟು ಸಲ ವಾಪಸ್ ಕಳಿಸಿದ್ದರೋ! ಟ್ರಾಲಿ ಬಂದ ಮೇಲೆ ಅದೇ ಆಟ ನಾಲ್ಕು ಜನರದ್ದಾಯಿತು. ಬೇಡ ಅಂದರೆ ಮತ್ತೆ ಮೂರು ಜನರದ್ದೇ ಆದರೆ?

* * *

“ಅಮ್ಮಾ, ಎಲ್ರೂ ಒಂದು ಕೆಲಸ ಮಾಡ್ತಾರೆ, ನಮಗೆ ಮಾತ್ರ ಬೇಡ ಅನ್ಸುತ್ತೆ. ಆಗ ಏನು ಮಾಡ್ಬೇಕು?”

ಅಮ್ಮ ಹಾಸಿಗೆ ಬಟ್ಟೆಗಳನ್ನು ಮಡಚುತ್ತಿದ್ದರು. ತುದಿಗೆ ತುದಿ ಸೇರಿಸಿ, ಒಂದು ಸಲ ಒದರಿ, ಅಂಗೈಯಿಂದ ಸವರಿ ಒಟ್ಟುತ್ತಿದ್ದರು.

“ಎಲ್ರೂ ಹಾಳು ಬಾವಿಗೆ ಬಿದ್ರೆ ನೀನೂ ಬೀಳ್ತೀಯಾ?”

ಇಸ್ತ್ರಿಗೆ ರೇಗಿತು. ದೊಡ್ಡವರಿಗೆ ಏನು ಕೇಳಿದರೂ ಆ ಬಾವಿಯೊಂದೇ ಗೊತ್ತು. ಬಾವಿಗೆ ಬೀಳು ಅಂತ ಅವಳಿಗೆ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ‘ಹೋಗ್ರೋ’ ಅಂದು ಬರುವುದು ಎಷ್ಟು ಸುಲಭ!

“ಅಮ್ಮಾ, ಬಾವಿ ಅಲ್ಲ...”

“ಮತ್ತೇನು? ಆ ತುದಿ ಹಿಡ್ಕೋ. ಸುಕ್ಕು ಬೀಳಿಸ್ಬೇಡ.”

ಇಸ್ತ್ರಿ ತುದಿ ಹಿಡಿದಳು. ಟ್ರಾಲಿಯ ವಿಷಯ ಹೇಳಿದರೆ ಅಮ್ಮ ಅದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಅಲ್ಲಿಗೆ ಗ್ಯಾಂಗಿನ ಕತೆ ಮುಗಿಯಿತು. ಅವಳು ಸುಕ್ಕು ಬೀಳದ ಹಾಗೆ ತುದಿಯನ್ನು ಎಳೆದು ಹಿಡಿದಳು.

* * *

ಮರುದಿನ ಸ್ಕೂಲಿಗೆ ರಜೆ. ಬೆಳಿಗ್ಗೆ ಎದ್ದವಳೇ ಇಸ್ತ್ರಿ ಒಂದು ನಿರ್ಧಾರ ಮಾಡಿದಳು. ಒಬ್ಬೊಬ್ಬರನ್ನೇ ಕೇಳಿಬಿಡುವುದು.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಲೈಟ್‌ಕಂಬ ಸ್ಟೂಲಿನ ಮೇಲೆ ಕೂತಿದ್ದ. ಅವನ ಅಪ್ಪ ಅವನ ಕೂದಲು ಕತ್ತರಿಸುತ್ತಿದ್ದರು. ತಲೆಯ ಒಂದು ಕಡೆ ಆಗಿತ್ತು, ಇನ್ನೊಂದು ಕಡೆ ಹಾಗೇ ಇತ್ತು. ಅಪ್ಪ ಬಾಚಣಿಗೆ ಹುಡುಕಲು ಒಳಗೆ ಹೋದದ್ದೇ ತಡ, ಇಸ್ತ್ರಿ ಪಿಸುಗುಟ್ಟಿದಳು.

“ನಿಜ ಹೇಳು. ಮೇಲಿಂದ ಬರೋಕೆ ನಿಂಗೆ ಇಷ್ಟ ಇದ್ಯಾ?”

ಲೈಟ್‌ಕಂಬ ಬಾಗಿಲ ಕಡೆ ನೋಡಿದ. “ನಂಗೇನು ತಲೆ ಕೆಟ್ಟಿದ್ಯಾ? ನಿನ್ನೆ ಅರ್ಧದಿಂದಾನೇ ಜೀವ ಬಾಯಿಗೆ ಬಂದಿತ್ತು. ಆದ್ರೆ ಪಟಪಟಿ ಮುಂದೆ ಬೇಡ ಅಂದ್ರೆ ಮುಗೀತು, ಸ್ಕೂಲಿಗೆಲ್ಲ ಸಾರ್ಕೊಂಡು ಬರ್ತಾಳೆ. ನೋಡು, ನಾನು ಹೀಗಂದೆ ಅಂತ ಯಾರಿಗೂ ಹೇಳ್ಬೇಡ. ಪ್ರಾಮಿಸ್?”

“ಪ್ರಾಮಿಸ್.”

ಎರಡನೇ ಮಹಡಿಯಲ್ಲಿ ಪಟಪಟಿ ಹಳೇ ಟೂತ್‌ಬ್ರಷ್ ಹಿಡಿದು ತನ್ನ ಶೂ ಉಜ್ಜುತ್ತಿದ್ದಳು.

“ಅಯ್ಯೋ, ನಂಗೆಲ್ಲಿ ಇಷ್ಟ ಕಣೇ! ರಾತ್ರಿ ಊಟಾನೂ ಸೇರಲಿಲ್ಲ. ಆದ್ರೆ ಆ ಪಿಳ್ಳೆ ಡಬ್ಬೀನೇ ಪೂರ್ತಿ ಮೇಲಿಂದಾನಾ ಅಂತ ಮೊದ್ಲು ಕೇಳ್ದ. ನಾನು ಅವನಿಗಿಂತ ಎರಡು ವರ್ಷ ದೊಡ್ಡೋಳು. ನಾನು ಹೇಗೆ ಬೇಡ ಅನ್ಲಿ? ಯಾರ ಹತ್ರನಾದ್ರೂ ಬಾಯಿ ಬಿಟ್ಯೋ, ಈ ಬ್ರಷ್ಷಲ್ಲೇ ನಿನ್ನ ಹಲ್ಲುಜ್ತೀನಿ. ಪ್ರಾಮಿಸ್ ಮಾಡು.”

“ಪ್ರಾಮಿಸ್” ಎಂದಳು ಇಸ್ತ್ರಿ. ಅವಳ ಎದೆ ಹಗುರವಾಗುತ್ತ ಬಂತು.

ಡಬ್ಬಿ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ.

“ನಂಗೆ ಭಯ ಆಗುತ್ತಪ್ಪ” ಎಂದು ಒಂದೇ ಮಾತಿಗೆ ಒಪ್ಪಿಕೊಂಡ. “ನಿಂಗೊಬ್ಬಳಿಗೇ ಹೇಳ್ತಿರೋದು. ಅವರಿಗೆ ಹೇಳ್ಬೇಡ, ಮದರ್ ಪ್ರಾಮಿಸ್.”

“ಮತ್ತೆ ನಿನ್ನೆ ಯಾಕೋ ಓಕೆ ಅಂದೆ?”

ಡಬ್ಬಿ ಬಿಸ್ಕತ್ತಿನ ಪುಡಿ ಒರೆಸಿಕೊಂಡ. “ಟ್ರಾಲಿ ನಿಮ್ದಲ್ವಾ? ಅದರ ಚಕ್ರದ ವಿಷಯ ಎಲ್ಲ ನಿಂಗೆ ಗೊತ್ತಿರುತ್ತೆ. ನೀನೇ ಮೂರು ದಿನದಿಂದ ಕೂತ್ಕೊಂಡು ಬರ್ತಿದ್ದೀಯ. ಡೇಂಜರ್ ಇದ್ರೆ ನೀನು ಹೇಳ್ತಿದ್ದೆ.”

ಡಬ್ಬಿ ಹಗುರ ಎಂದು ಅವನನ್ನು ಯಾವಾಗಲೂ ಎಲ್ಲರಿಗಿಂತ ಮುಂದೆ ಕೂರಿಸುತ್ತಿದ್ದರು. ಅಲ್ಲಾಡುವ ಚಕ್ರದ ನೇರ ಮೇಲೆ.

* * *

ಸಂಜೆ ನಾಲ್ವರೂ ಇಳಿಜಾರಿನ ತುದಿಯಲ್ಲಿ ಸೇರಿದರು. ಇಸ್ತ್ರಿ ಗೋಡೆಗೆ ಒರಗಿ ಕಾಯುತ್ತ ನಿಂತಳು. ಯಾರಿಗೂ ಬೇಡವಾದ ಮೇಲೆ ಇನ್ನೇನು? ಯಾರಾದರೂ ಒಬ್ಬರು ಹೇಳಿದರೆ ಆಯಿತು.

ಲೈಟ್‌ಕಂಬ ಕೆಳಗೆ ನೋಡಿದ. ಅಲ್ಲಿಂದ ಮೂಟೆಗಳು ತಲೆದಿಂಬಿನಷ್ಟೇ ಕಾಣುತ್ತಿದ್ದವು. ಅವನು ಪಟಪಟಿಯ ಕಡೆ ನೋಡಿದ. ಪಟಪಟಿ ಡಬ್ಬಿಯ ಕಡೆ ನೋಡಿದಳು. ಡಬ್ಬಿ ಇಸ್ತ್ರಿಯ ಕಡೆ ನೋಡಿದ.

“ಏನ್ರೋ, ರೆಡಿನಾ?” ಎಂದ ಲೈಟ್‌ಕಂಬ.

“ಓ, ನಾನು ಆಗ್ಲೇ ರೆಡಿ!” ಎಂದಳು ಪಟಪಟಿ.

“ರೆಡಿ” ಎನ್ನುತ್ತ ಡಬ್ಬಿ ಟ್ರಾಲಿಯೊಳಗೆ ಕಾಲಿಟ್ಟೇಬಿಟ್ಟ.

ಇಸ್ತ್ರಿಗೆ ಅಲ್ಲೇ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬೆಳಿಗ್ಗೆ ಬೇಡ ಬೇಡ ಎಂದ ಬಾಯಿಗಳು ಇವೇ ತಾನೇ? ‘ಲೋ ಲೈಟ್‌ಕಂಬ, ಜೀವ ಬಾಯಿಗೆ ಬಂದಿತ್ತು ಅಂದವನು ನೀನಲ್ವಾ?’ ಎಂದು ಕಿರುಚಬೇಕು ಅನ್ನಿಸಿತು. ಆದರೆ ಪ್ರಾಮಿಸ್ ಮಾಡಿದ್ದಳು. ಒಂದಲ್ಲ, ಮೂರು ಮೂರು ಪ್ರಾಮಿಸ್. ಲೈಟ್‌ಕಂಬನ ಭಯ ಅವಳು ಹೇಳುವಂತಿರಲಿಲ್ಲ. ಪಟಪಟಿಯದೂ ಹೇಳುವಂತಿರಲಿಲ್ಲ. ಡಬ್ಬಿಯದೂ ಇಲ್ಲ. ಹೇಳಬಹುದಾದ ಭಯ ಅಂತ ಉಳಿದದ್ದು ಒಂದೇ.

“ನಂಗೆ ಭಯ ಆಗ್ತಿದೆ” ಎಂದು ಇಸ್ತ್ರಿ ಮುಂದೆ ಬಂದು ಟ್ರಾಲಿಯ ಕಂಬಿ ಹಿಡಿದಳು. “ನಿನ್ನೇನೂ ಆಗಿತ್ತು. ಮುಂದಿನ ಚಕ್ರ ಸರಿ ಇಲ್ಲ, ಅಮ್ಮ ಮೊದಲೇ ಹೇಳಿದ್ರು. ನಾನು ಕೂರಲ್ಲ.”

ಈಗ ಎಲ್ಲರೂ ‘ನಂಗೂ’ ಅಂತಾರೆ ಎಂದು ಅವಳು ಅಂದುಕೊಂಡಳು.

“ಹೆದರುಪುಕ್ಲಿ!” ಎಂದ ಲೈಟ್‌ಕಂಬ. ಅವನೇ!

“ಅಯ್ಯೋ ಪಾಪ, ಇಸ್ತ್ರಿ ಆರಿ ಹೋಯ್ತು!” ಎಂದು ಪಟಪಟಿ ಚಪ್ಪಾಳೆ ತಟ್ಟಿದಳು. “ಹೋಗು, ಅಮ್ಮನ ಹತ್ರ ಹೋಗಿ ಮಡಚ್ಕೊಂಡು ಮಲಕ್ಕೋ.”

ಇಸ್ತ್ರಿಯ ಕಿವಿ ಬಿಸಿಯಾಯಿತು. ಕಣ್ಣೂ ಉರಿಯಿತು. ಆದರೂ ಅವಳು ಟ್ರಾಲಿಯ ಕಂಬಿ ಬಿಡಲಿಲ್ಲ.

ಡಬ್ಬಿ ಇಸ್ತ್ರಿಯ ಮುಖ ನೋಡಿದ. ಒಳಗಿಟ್ಟ ಕಾಲನ್ನು ಹೊರಗೆ ತೆಗೆದ. “ಇಸ್ತ್ರಿ ಕೂರಲ್ಲ ಅಂದ್ರೆ ನಾನೂ ಕೂರಲ್ಲ” ಎಂದ.

ಉಳಿದವರು ಇಬ್ಬರೇ. ಲೈಟ್‌ಕಂಬನೂ ಪಟಪಟಿಯೂ ಒಬ್ಬರನ್ನೊಬ್ಬರು ನೋಡಿಕೊಂಡರು. ‘ನೀನು ಮೊದಲು ಹತ್ತು’ ಎಂದು ಇಬ್ಬರೂ ಹೇಳಲಿಲ್ಲ.

“ಸರಿ ಹಾಗಾದ್ರೆ. ಖಾಲಿ ಬಿಡೋಣ” ಎಂದ ಲೈಟ್‌ಕಂಬ. “ಏನೂ ಆಗಲ್ಲ ಅಂತ ಇವಳಿಗೆ ತೋರಿಸ್ತೀನಿ.”

ಇಸ್ತ್ರಿಯ ಬೆರಳು ಬಿಡಿಸಿ ಅವನು ಟ್ರಾಲಿಯನ್ನು ದೂಡಿದ.

ಚಕ್ರ ಕಳಚಲಿಲ್ಲ. ಅಲ್ಲಾಡಲೂ ಇಲ್ಲ. ಟ್ರಾಲಿ ನೂಲು ಹಿಡಿದಂತೆ ನೇರವಾಗಿ ಇಳಿಯಿತು.

“ನೋಡಿದ್ಯಾ? ನೋಡಿದ್ಯಾ?” ಎಂದು ಪಟಪಟಿ ಕುಣಿದಳು.

ಟ್ರಾಲಿ ಮೂಟೆಗಳಿಗೆ ಗುದ್ದಿತು. ಆದರೆ ನಿಲ್ಲಲಿಲ್ಲ. ಒಂದು ಮೂಟೆ ಗೋಡೆಗೆ ಹಾರಿತು, ಇನ್ನೊಂದನ್ನು ತಳ್ಳಿಕೊಂಡೇ ಟ್ರಾಲಿ ಗೇಟು ದಾಟಿತು. ರಸ್ತೆಯಲ್ಲಿ ಕಿರ್ರ್ ಎಂದು ಬ್ರೇಕಿನ ಸದ್ದು. ಬ್ರೆಡ್ಡಿನ ವ್ಯಾನೊಂದು ಟ್ರಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು.

ಪಟಪಟಿಯ ಕುಣಿತ ಅರ್ಧದಲ್ಲೇ ನಿಂತಿತು.

ಡ್ರೈವರು ಬಾಗಿಲು ತೆರೆದು ಇಳಿದರು. ಖಾಲಿ ಟ್ರಾಲಿಯೊಳಗೆ ಬಗ್ಗಿ ನೋಡಿದರು. ಯಾರೂ ಇಲ್ಲ ಎಂದು ಗೊತ್ತಾದ ಮೇಲೆಯೇ ಅವರಿಗೆ ಸಿಟ್ಟು ಬಂದದ್ದು.

“ಬನ್ರೋ ಇಲ್ಲಿ! ಏನಿದು? ಯಾರ ಐಡಿಯಾ ಇದು?”

ನಾಲ್ವರೂ ಕೆಳಗಿಳಿದು ಸಾಲಾಗಿ ನಿಂತರು.

“ಕೇಳಿದ್ದು ಕೇಳಿಸ್ಲಿಲ್ವಾ? ಯಾರ ಐಡಿಯಾ?”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪಿಸಿಕೊಳ್ಳಲು ಅಲ್ಲ. ನಿಜವಾಗಿಯೂ ಯಾರಿಗೂ ಗೊತ್ತಿರಲಿಲ್ಲ.

“ಯಾರದ್ದೂ ಅಲ್ಲ ಅಂಕಲ್” ಎಂದ ಡಬ್ಬಿ. “ಎಲ್ರೂ ಓಕೆ ಅಂದ್ರು.”

“ಎಲ್ರೂ ಅಂದ್ರೆ ಯಾರೋ?”

ಡಬ್ಬಿ ಬಹಳ ಯೋಚಿಸಿದ. ಒಂದೊಂದೇ ಮುಖ ನೋಡಿದ. “ಗೊತ್ತಿಲ್ಲ ಅಂಕಲ್” ಎಂದ.

ಡ್ರೈವರು ಹಣೆ ಹಣೆ ಬಡಿದುಕೊಂಡರು. ಅಷ್ಟರಲ್ಲಿ ಬ್ರೇಕಿನ ಸದ್ದಿಗೆ ಅಮ್ಮ ಓಡಿ ಬಂದರು. ಟ್ರಾಲಿ ನೋಡಿದರು, ವ್ಯಾನ್ ನೋಡಿದರು. ಆಮೇಲೆ ನಾಲ್ಕು ತಲೆಗಳನ್ನು ಬೆರಳು ಮಾಡಿ ಎಣಿಸಿದರು. ಡ್ರೈವರ ಹತ್ತಿರ ಏಳೆಂಟು ಸಲ ‘ತಪ್ಪಾಯ್ತು’ ಎಂದರು. ಮಕ್ಕಳನ್ನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಟ್ರಾಲಿಯನ್ನು ಒಬ್ಬರೇ ಎಳೆದುಕೊಂಡು ಹೋಗಿ ಲಾಂಡ್ರಿಯ ಉಗ್ರಾಣದಲ್ಲಿಟ್ಟು ಬೀಗ ಹಾಕಿದರು.

“ನಾನು ಬೆಳಿಗ್ಗೇನೇ ಅನ್ಕೊಂಡಿದ್ದೆ ಬೇಡ ಅಂತ” ಎಂದ ಲೈಟ್‌ಕಂಬ.

“ನೀನು ಬೆಳಿಗ್ಗೆ. ನಾನು ನಿನ್ನೆ ರಾತ್ರೀನೇ!” ಎಂದಳು ಪಟಪಟಿ. “ಊಟಾನೂ ಮಾಡಿರ್ಲಿಲ್ಲ, ಬೇಕಾದ್ರೆ ನಮ್ಮಮ್ಮನ್ನ ಕೇಳು. ಎಲ್ರಿಗಿಂತ ಜಾಸ್ತಿ ಭಯ ಆಗಿದ್ದು ನಂಗೆ.”

“ಹೋಗೇ, ನಂಗೇ ಜಾಸ್ತಿ!”

ಈಗ ಅದಕ್ಕೂ ಪೈಪೋಟಿ! ಇಸ್ತ್ರಿ ಅವರಿಬ್ಬರನ್ನೂ ದಿಟ್ಟಿಸಿ ನೋಡಿ ಮನೆಗೆ ನಡೆದಳು.

* * *

ಮರುದಿನ ಸಂಜೆ ಅವಳು ಮೆಟ್ಟಿಲ ಮೇಲೆ ಲೆಕ್ಕದ ಪುಸ್ತಕ ಹಿಡಿದು ಒಬ್ಬಳೇ ಕೂತಿದ್ದಳು. ಟ್ರಾಲಿ ಇಲ್ಲ. ಇನ್ನು ಯಾರು ಬರುತ್ತಾರೆ? ಬಾರದಿದ್ದರೆ ಬೇಡ ಎಂದು ಒಂದೇ ಲೆಕ್ಕವನ್ನು ಮೂರು ಸಲ ತಪ್ಪು ಮಾಡಿದಳು.

ಮೇಲಿಂದ ಧಡಧಡ ಹೆಜ್ಜೆಗಳು ಇಳಿದವು.

“ಅಲ್ಲೇನೇ ಮಾಡ್ತಿದ್ದೀಯ ಪಂಡಿತೆ?” ಎಂದಳು ಪಟಪಟಿ. “ಬಾ, ಆಟಕ್ಕೆ ಒಬ್ಬರು ಕಡಿಮೆ.”

“ಹಿಂದಿನ ಗೋಡೆ ಹತ್ತೋಣ್ವಾ?” ಎಂದ ಲೈಟ್‌ಕಂಬ. “ಅದರ ಮೇಲೆ ಆ ತುದಿವರೆಗೆ ನಡ್ಕೊಂಡು ಹೋಗೋದು. ಓಕೆನಾ?”

“ಓ...” ಎಂದು ಪಟಪಟಿ ಅಲ್ಲಿಗೇ ನಿಲ್ಲಿಸಿದಳು.

ಮೂವರೂ ಇಸ್ತ್ರಿಯ ಮುಖ ನೋಡಿದರು. ಮೊನ್ನೆಯೂ ಹೀಗೇ ನೋಡಿದ್ದರು. ಹತ್ತುತ್ತೀಯೋ ಇಲ್ಲವೋ ಎಂದು ಸವಾಲು ಹಾಕುತ್ತಿದ್ದಾರೆ ಎಂದು ಮೊನ್ನೆ ಅವಳು ಅಂದುಕೊಂಡಿದ್ದಳು. ಇವತ್ತು ಆ ಕಣ್ಣುಗಳನ್ನು ಸರಿಯಾಗಿ ನೋಡಿದಳು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಾಗ ಪಕ್ಕದವರ ಹಾಳೆಯ ಕಡೆ ಹೊರಳುವ ಕಣ್ಣುಗಳು ಅವು.

ಅವಳು ಪುಸ್ತಕ ಮುಚ್ಚಿ ಎದ್ದಳು.

“ಡಬ್ಬಿ ಮೊದ್ಲು ಹೇಳ್ಲಿ” ಎಂದಳು.

“ನಾನಾ?” ಎಂದ ಡಬ್ಬಿ ಗಾಬರಿಯಿಂದ. “ನೀನು ಏನಂತೀಯ?”

“ನನ್ನ ಮುಖ ನೋಡ್ಬೇಡ. ಯಾರ ಮುಖಾನೂ ನೋಡ್ಬೇಡ” ಎಂದು ಇಸ್ತ್ರಿ ಗೋಡೆಯ ಕಡೆ ತಿರುಗಿ ನಿಂತಳು. “ನೀವಿಬ್ರೂ ತಿರುಗಿ.”

ಬಟ್ಟೆ ಸರಿದಾಡಿದ ಸದ್ದಾಯಿತು. ಅವರೂ ತಿರುಗಿದರು.

“ನಂಗೆ ಬೇಡ” ಎಂದ ಡಬ್ಬಿ.

ಹಿಂದೆ ಲೈಟ್‌ಕಂಬ ಉಸ್ಸೆಂದು ಉಸಿರು ಬಿಟ್ಟದ್ದು ಇಸ್ತ್ರಿಗೆ ಕೇಳಿಸಿತು.